ಎರಡು ದಡ, ಒಂದು ಓದು

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ಉತ್ತರ ದಡದಲ್ಲಿ ಮುಕ್ಕುಂದ ಎಂಬ ಊರಿದೆ. ನದಿಯ ಆಚೆ ದಡ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಗೆ ಸೇರಿದ್ದು. ಕೆಲವು ವರ್ಷಗಳ ಹಿಂದೆ ಆ ಭಾಗದಲ್ಲಿ ಸೇವೆಯಲ್ಲಿದ್ದಾಗ, ಅಲ್ಲಿನ ಹತ್ತನೆಯ ತರಗತಿಯ ಕೆಲವು ಮಕ್ಕಳಿಗೆ ಸಂಜೆಯ ವೇಳೆ ಕನ್ನಡ ಪಾಠ ಹೇಳಿಕೊಡುವ ಅವಕಾಶ ನನಗೆ ಒದಗಿತ್ತು. ಒಂದು ಸಂಜೆ ಹುಡುಗಿಯೊಬ್ಬಳು ಪಠ್ಯದ ಪದ್ಯವೊಂದನ್ನು ತಡವರಿಸದೆ ಒಪ್ಪಿಸಿದಳು. ಅದರ ಭಾವಾರ್ಥವನ್ನೂ, ಕವಿಯ ಜನ್ಮಸ್ಥಳ, ಕೃತಿಗಳು, ಪ್ರಶಸ್ತಿಗಳನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. "ಈ ಪದ್ಯದಾಗ ನಿನಗ ಹಿಡಿಸಿದ ಮಾತು ಯಾವುದವ್ವಾ?" ಎಂದು ನಾನು ಕೇಳಿದೆ. ಆಕೆ ಗೆಳತಿಯರ ಮುಖ ನೋಡಿದಳು. ಬಳಿಕ ನನಗೆ ತಿಳಿಯದ ಸಂಗತಿಯೊಂದನ್ನು ತಿಳಿಸುವವಳಂತೆ ಮೆಲ್ಲಗೆ ಹೇಳಿದಳು: "ಅದು ಪರೀಕ್ಷಾಕ್ಕ ಬರಂಗಿಲ್ರಿ ಫಾದರ್."

ಆ ಉತ್ತರಕ್ಕೆ ನಾನು ನಗಲಾರದೆ ಹೋದೆ. ಅದಕ್ಕೆ ಕಾರಣವಿದೆ. ಗುರುದೀಕ್ಷೆಯಾದ ಹೊಸತರಲ್ಲಿ ನಾನೂ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವನು. ಒಮ್ಮೆ ಹುಡುಗನೊಬ್ಬ ಪದ್ಯದ ಪ್ರಶ್ನೆಯೊಂದಕ್ಕೆ ಗೈಡಿನಲ್ಲಿದ್ದ ಉತ್ತರವನ್ನು ಬಿಟ್ಟು, ತನಗೆ ತೋರಿದ್ದನ್ನು ತನ್ನದೇ ಮಾತಿನಲ್ಲಿ ಬರೆದಿದ್ದ. ಅದರಲ್ಲಿ ಕಾಗುಣಿತದ ತಪ್ಪುಗಳಿದ್ದವು. ಆದರೆ ಆ ಪದ್ಯವನ್ನು ಅವನು ನಿಜವಾಗಿಯೂ ಓದಿದ್ದ. ನಾನು ನಾಲ್ಕು ಅಂಕಗಳಿಗೆ ಒಂದನ್ನು ಕೊಟ್ಟೆ. ಮುಂದಿನ ಪರೀಕ್ಷೆಯಲ್ಲಿ ಅವನು ಗೈಡಿನ ಉತ್ತರವನ್ನೇ ಬರೆದ, ಪೂರ್ಣ ಅಂಕ ಪಡೆದ. ಆಮೇಲೆ ಆ ವರ್ಷವೆಲ್ಲ ತರಗತಿಯಲ್ಲಿ ಕೈ ಎತ್ತಲಿಲ್ಲ. ಮುಕ್ಕುಂದದ ಹುಡುಗಿಯ ಮಾತು ಆ ಹುಡುಗನ ಮೌನವನ್ನು ನನಗೆ ನೆನಪಿಸಿತು.

ಕತೆ, ಕವಿತೆ, ನಾಟಕಗಳನ್ನು ಓದುವುದು, ಬಿಡಿಸಿ ನೋಡುವುದು, ಅದರ ಬಗ್ಗೆ ತನ್ನದೊಂದು ಮಾತು ಆಡುವುದು ನಮ್ಮ ನಾಡಿನ ಮಕ್ಕಳಿಗೆ ಹೇಗೆ ದೊರೆಯಿತು? ಅದರಲ್ಲೂ ಈ ನದಿಯ ದಡದ ಮಕ್ಕಳಿಗೆ ಎಷ್ಟು ತಡವಾಗಿ ದೊರೆಯಿತು? ಈ ಇತಿಹಾಸವನ್ನು ತಿಳಿದರೆ ಆ ಹುಡುಗಿಯ ಉತ್ತರದ ಭಾರ ನಮಗೆ ಅರ್ಥವಾದೀತು. ಅದಕ್ಕಾಗಿ ಈ ಲೇಖನ.

ಮೊದಲ ಗ್ರಂಥವೇ ಪಾಠಪುಸ್ತಕ

ಕನ್ನಡದಲ್ಲಿ ನಮಗೆ ದೊರೆತಿರುವ ಮೊಟ್ಟಮೊದಲ ಗ್ರಂಥ ಕವಿರಾಜಮಾರ್ಗ. ಕ್ರಿ.ಶ. 850ರ ಸುಮಾರಿನಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಕೃತಿಯಿದು. ಇದು ಪುರಾಣವಲ್ಲ, ರಾಜನ ಚರಿತ್ರೆಯಲ್ಲ. ಕಾವ್ಯವನ್ನು ಹೇಗೆ ಕಟ್ಟಬೇಕು, ಅದರ ಗುಣವೇನು, ದೋಷವೇನು ಎಂದು ಕಲಿಸುವ ಪುಸ್ತಕ. ಸಂಸ್ಕೃತದ ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿದರೂ, ಕನ್ನಡದ ಮಾತಿಗೆ ಏನು ಒಪ್ಪುತ್ತದೆ, ಏನು ಒಪ್ಪುವುದಿಲ್ಲ ಎಂಬುದನ್ನು ಅದು ಉದಾಹರಣೆ ಸಹಿತ ವಿವರಿಸುತ್ತದೆ. ದೋಷವುಳ್ಳ ಪದ್ಯವನ್ನು ಕೊಟ್ಟು, ಅದನ್ನೇ ತಿದ್ದಿ ತೋರಿಸುವ ಪದ್ಧತಿಯೂ ಅದರಲ್ಲಿದೆ. ಒಳ್ಳೆಯ ಉಪಾಧ್ಯಾಯನೊಬ್ಬ ಕರಿಹಲಗೆಯ ಮುಂದೆ ನಿಂತು ಮಾಡುವ ಕೆಲಸವೂ ಇದೇ ಅಲ್ಲವೇ?

ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಆ ಗ್ರಂಥ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ, ಸಿಂಧನೂರು ಸೀಮೆಗೆ ನೆರೆಯ ಜಿಲ್ಲೆ. ಈ ನಾಡಿನ ಜನರು ಓದು ಕಲಿಯದೆಯೂ ಕಾವ್ಯದಲ್ಲಿ ನುರಿತವರು ಎಂಬ ಮೆಚ್ಚುಗೆಯೂ ಆ ಗ್ರಂಥದಲ್ಲಿದೆ. ಇದನ್ನು ನಾವು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ, ಆದರೆ ಅದರ ಅರ್ಥವನ್ನು ವಿಚಾರಿಸುವುದು ಕಡಿಮೆ. ಪುಸ್ತಕ ಕೈಗೆ ಸಿಗದವನೂ ಕಿವಿಯಿಂದ ಸಾಹಿತ್ಯವನ್ನು ಓದಬಲ್ಲ ಎಂಬುದೇ ಅದರ ಅರ್ಥ.

ಈ ಕಿವಿಯ ಓದು ನಮ್ಮ ಹಳ್ಳಿಗಳಲ್ಲಿ ಶತಮಾನಗಳ ಕಾಲ ನಡೆದು ಬಂದಿದೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚಿಸಿದರೆ, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸುತ್ತಾರೆ. ಮಠಗಳಲ್ಲಿ ಶ್ರಾವಣಮಾಸದ ಪುರಾಣ ಪ್ರವಚನದಲ್ಲಿಯೂ ನಡೆಯುವುದು ಇದೇ. ರಾಯಚೂರು ಸೀಮೆ ದಾಸರ ನಾಡು. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ಇಲ್ಲಿಂದ ದೂರವಲ್ಲ. ತತ್ವಪದಗಳ ಭಜನೆ, ಸುಗ್ಗಿಯ ನಂತರದ ಬಯಲಾಟ, ಮೊಹರಮ್ಮಿನ ಹಾಡುಗಳು, ಇವೆಲ್ಲವೂ ಅಕ್ಷರ ಬಾರದವರ ವಿದ್ಯಾಪೀಠಗಳಾಗಿದ್ದವು. ಹಾಡಿದವನು ತಪ್ಪಿದರೆ ತಿದ್ದುವ ಕಿವಿಗಳು ಕೇಳುಗರಲ್ಲಿದ್ದವು. ವಿಮರ್ಶೆ ಎಂಬ ಪದ ಆ ಜನಕ್ಕೆ ಗೊತ್ತಿರಲಿಲ್ಲ, ವಿಮರ್ಶೆ ಗೊತ್ತಿತ್ತು.

ನದಿಯೇ ಗಡಿಯಾದ ಕಾಲ

ಕಿವಿಯ ಈ ಓದು ಶಾಲೆಯ ಓದಾಗಿ ಬೆಳೆಯಬೇಕಾದ ಹೊತ್ತಿಗೆ ಮುಕ್ಕುಂದದ ಮುಂದೆ ಹರಿಯುವ ನದಿ ಗಡಿಯಾಗಿ ಪರಿಣಮಿಸಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮರು ತುಂಗಭದ್ರೆಯ ದಕ್ಷಿಣಕ್ಕಿದ್ದ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ದತ್ತ ಮಂಡಲವೆಂದು ಹೆಸರಾದ ಈ ಪ್ರದೇಶ ಮದರಾಸು ಪ್ರಾಂತ್ಯಕ್ಕೆ ಸೇರಿತು. ಉತ್ತರ ದಡ ನಿಜಾಮರಲ್ಲಿಯೇ ಉಳಿಯಿತು. 1853ರಿಂದ 1860ರವರೆಗೆ ರಾಯಚೂರು ದೋಆಬ್ ಬ್ರಿಟಿಷರ ಆಡಳಿತಕ್ಕೆ ಹೋಗಿ ಮರಳಿದ್ದನ್ನು ಬಿಟ್ಟರೆ, ಒಂದೂವರೆ ಶತಮಾನ ಕಾಲ ಈ ಎರಡು ದಡಗಳು ಎರಡು ಆಳ್ವಿಕೆಗಳಾಗಿದ್ದವು. ಒಂದೇ ಮಾತು, ಒಂದೇ ಜೋಳದ ರೊಟ್ಟಿ, ಬೀಗತನವೂ ಇದ್ದೀತು. ಆದರೆ ಮಕ್ಕಳ ಕೈಯ ಪುಸ್ತಕ ಬೇರೆಯಾಯಿತು.

ದಕ್ಷಿಣ ದಡದಲ್ಲಿ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು, ಬೈಬಲ್ಲಿನ ಅನುವಾದಕ್ಕೆ ಕೈಹಾಕಿದರು. 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅವರು ನಮ್ಮ ಕಥೋಲಿಕ ಸಭೆಯವರಲ್ಲ. ಆದರೂ ಕನ್ನಡದ ಗದ್ಯ ಅಚ್ಚಿನ ಪುಟಕ್ಕೆ ಇಳಿದ ಚರಿತ್ರೆಯಲ್ಲಿ ಅವರ ಹೆಸರನ್ನು ಬಿಡಲಾಗದು. ದಕ್ಷಿಣ ದಡ ಕನ್ನಡದ ಸ್ವರ್ಗವಾಗಿತ್ತೆಂದು ಮಾತ್ರ ಭಾವಿಸಬಾರದು. ಅಲ್ಲಿ ಇಂಗ್ಲಿಷ್ ಮತ್ತು ತೆಲುಗಿನ ನಡುವೆ ಕನ್ನಡ ಜಾಗ ಹುಡುಕಬೇಕಿತ್ತು. ಬಳ್ಳಾರಿ ರಾಘವರಂತಹ ಮಹಾನಟ ಬೆಳಗಿದ್ದೂ ಹೆಚ್ಚಾಗಿ ತೆಲುಗು ರಂಗಭೂಮಿಯಲ್ಲಿಯೇ.

ಉತ್ತರ ದಡದಲ್ಲಿ ಆಡಳಿತದ ಭಾಷೆ ಮೊದಲು ಪಾರಸಿಯಾಗಿತ್ತು, 1880ರ ದಶಕದಲ್ಲಿ ಉರ್ದುವಾಯಿತು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಅಷ್ಟಿಷ್ಟು ಸ್ಥಳವಿದ್ದರೂ, ಪ್ರೌಢಶಾಲೆಯಿಂದ ಮೇಲಕ್ಕೆ ಹೋಗುವವನು ಉರ್ದುವಿನಲ್ಲಿಯೇ ಕಲಿಯಬೇಕಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಭಾರತೀಯ ಭಾಷೆಯೊಂದು ಉನ್ನತ ವಿದ್ಯೆಯ ಮಾಧ್ಯಮವಾಗಬಲ್ಲದೆಂದು ಅದು ತೋರಿಸಿಕೊಟ್ಟದ್ದು ದೊಡ್ಡ ಸಾಧನೆಯೇ ಸರಿ. ಆದರೆ ಮುಕ್ಕುಂದದಂತಹ ಊರಿನ ಹುಡುಗನಿಗೆ ಅದು ಅವನ ತಾಯಿಯ ಭಾಷೆಯಾಗಿರಲಿಲ್ಲ. ಮನೆಯಲ್ಲಿ ಕೇಳಿದ ಪದಕ್ಕೂ ಶಾಲೆಯಲ್ಲಿ ಓದಿದ ಪದ್ಯಕ್ಕೂ ಅವನಲ್ಲಿ ಸಂಬಂಧ ಕೂಡಿಬರುವುದು ಸುಲಭವಿರಲಿಲ್ಲ.

ಕವಿತೆ ಪಠ್ಯವಾದ ಬಗೆ

ಇದೇ ಅವಧಿಯಲ್ಲಿ ದೂರದ ಕರಾವಳಿಯಲ್ಲಿ ಬೇರೊಂದು ಕೆಲಸ ನಡೆದಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಅವರು 1848ರಿಂದ 1853ರವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಜೈಮಿನಿ ಭಾರತ, ಬಸವ ಪುರಾಣಗಳ ಜೊತೆಗೆ ದಾಸರ ಪದಗಳೂ ಅದರಲ್ಲಿದ್ದವು. ತಮ್ಮ ನಂಬಿಕೆಗೆ ಸೇರದ ಹಾಡುಗಳನ್ನು ಅವರು ಎಸೆಯಲಿಲ್ಲ, ಅಕ್ಷರಕ್ಕಿಳಿಸಿ ಉಳಿಸಿದರು.

ಅವರ ನಂತರ 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರನ್ನು ನಾವು ನಿಘಂಟಿನಿಂದ ಮಾತ್ರ ಬಲ್ಲೆವು. 1894ರಲ್ಲಿ ಹೊರಬಂದ ಆ ಕನ್ನಡ-ಇಂಗ್ಲಿಷ್ ನಿಘಂಟಿಗೆ ಬಹಳ ಮುಂಚೆ, 1865ರಲ್ಲಿ, ಅವರು ಕಾವ್ಯಮಾಲೆ ಎಂಬ ಪದ್ಯಸಂಕಲನವನ್ನು ಹೊರತಂದಿದ್ದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ, ಅದರ ಜೊತೆಗೆ ಕನ್ನಡ ಸಾಹಿತ್ಯದ ಕುರಿತು ಒಂದು ಪ್ರಬಂಧವನ್ನೂ ಬರೆದರು. ಹೊಸಬನೊಬ್ಬ ಒಂದು ಭಾಷೆಯ ಕಾವ್ಯವನ್ನು ಪ್ರವೇಶಿಸಬೇಕಾದರೆ ಏನು ಬೇಕು? ಆಯ್ದ ಪದ್ಯಗಳು, ಪದಗಳ ಅರ್ಥ, ಛಂದಸ್ಸಿನ ತಿಳಿವಳಿಕೆ, ಹಿನ್ನೆಲೆಯ ಚರಿತ್ರೆ. ಕಿಟೆಲ್ ಈ ನಾಲ್ಕನ್ನೂ ಕಟ್ಟಿಕೊಟ್ಟರು, ಏಕೆಂದರೆ ಅವರೇ ಆ ಹೊಸಬರಾಗಿದ್ದರು. ತಾನು ಕಲಿಯಲು ಪಟ್ಟ ಶ್ರಮವನ್ನು ಮರೆಯದವನು ಮಾತ್ರ ಒಳ್ಳೆಯ ಉಪಾಧ್ಯಾಯನಾಗಬಲ್ಲ.

ಕವಿರಾಜಮಾರ್ಗವೇ ಅಚ್ಚಾಗಿ ಬೆಳಕು ಕಂಡದ್ದು 1898ರಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ. ಕೊಪಣವನ್ನು ಹೆಸರಿಸಿದ ಆ ಪುಸ್ತಕ ಕೊಪ್ಪಳದ ಮಕ್ಕಳಿಗೆ ಪಾಠವಾಗಲು ಇನ್ನೂ ಬಹುಕಾಲ ಹಿಡಿಯಿತು.

ದಕ್ಷಿಣ ಕನ್ನಡದಲ್ಲಿ ಉಪಾಧ್ಯಾಯರೂ ಶಾಲಾ ಪರೀಕ್ಷಕರೂ ಆಗಿದ್ದ ಪಂಜೆ ಮಂಗೇಶರಾಯರು (1874-1937) ಇನ್ನೊಂದು ಹೆಜ್ಜೆ ಮುಂದೆ ಹೋದರು. ದೊಡ್ಡವರ ಕಾವ್ಯವನ್ನು ತುಂಡರಿಸಿ ಮಕ್ಕಳಿಗೆ ಬಡಿಸಿದರೆ ಸಾಲದು, ಮಕ್ಕಳ ಬಾಯಿಗೆ ಒಗ್ಗುವ ಪದ್ಯ, ಅವರ ಕುತೂಹಲಕ್ಕೆ ನಿಲುಕುವ ಕತೆಯೇ ಬೇಕು ಎಂದು ಅವರು ಕಂಡುಕೊಂಡರು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. ಸಾಹಿತ್ಯದ ಮೊದಲ ಪಾಠ ಅರ್ಥವಲ್ಲ, ಸಂತೋಷ ಎಂಬುದನ್ನು ಕನ್ನಡ ಶಾಲೆಗೆ ಕಲಿಸಿದವರಲ್ಲಿ ಅವರು ಪ್ರಮುಖರು.

ಮೈಸೂರು ಮತ್ತು ಕೇಂಬ್ರಿಜ್

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗಲು 1927ರವರೆಗೆ ಕಾಯಬೇಕಾಯಿತು. ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ ಅವರಂತಹ ಅಧ್ಯಾಪಕರು, ಕುವೆಂಪು ಅವರಂತಹ ವಿದ್ಯಾರ್ಥಿಗಳು ಅಲ್ಲಿದ್ದರು. ಹಳಗನ್ನಡವನ್ನು ಪಂಡಿತರ ಕ್ರಮದಲ್ಲಿ ಪದ ಬಿಡಿಸಿ ಓದುವುದು ಒಂದು ಕಡೆ, ಇಂಗ್ಲಿಷ್ ಸಾಹಿತ್ಯದಿಂದ ಬಂದ ಹೊಸ ವಿಮರ್ಶೆಯ ಕಣ್ಣು ಇನ್ನೊಂದು ಕಡೆ. ಇವೆರಡೂ ಕೂಡಿ ಕನ್ನಡದ ತರಗತಿಗೆ ಹೊಸ ಜೀವ ಬಂತು.

ಅದೇ ವೇಳೆಗೆ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಐ.ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ಒಂದು ಪ್ರಯೋಗ ನಡೆಸಿದರು. ಕವಿಯ ಹೆಸರನ್ನೂ ಕಾಲವನ್ನೂ ತಿಳಿಸದೆ, ಬರಿಯ ಕವಿತೆಯನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ತೋಚಿದ್ದನ್ನು ಬರೆಯಿರಿ ಎಂದರು. 1929ರಲ್ಲಿ ಅದರ ಫಲಿತಾಂಶ ಪುಸ್ತಕವಾಗಿ ಬಂದಾಗ ಓದಿದವರು ಬೆರಗಾದರು. ಒಳ್ಳೆಯ ಶಾಲೆಗಳಲ್ಲಿ ಕಲಿತ ಆ ಯುವಕರಲ್ಲಿ ಅನೇಕರಿಗೆ ಕವಿತೆಯ ನೇರವಾದ ಅರ್ಥವೇ ಹಿಡಿದಿರಲಿಲ್ಲ. ಕೆಲವರು ತಮ್ಮ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಯನ್ನು ಕವಿತೆಯ ಮೇಲೆ ಹೊರಿಸಿದ್ದರು. ಕವಿಯ ಪ್ರಸಿದ್ಧಿಯ ಊರುಗೋಲು ತಪ್ಪಿದೊಡನೆ ನಡಿಗೆ ತಪ್ಪಿತ್ತು. ಜನ್ಮಸ್ಥಳ, ಪ್ರಶಸ್ತಿಗಳನ್ನು ಒಪ್ಪಿಸಿ ಪದ್ಯವನ್ನು ಬಿಟ್ಟುಬಿಡುವ ರೋಗ ನಮ್ಮ ಹಳ್ಳಿಯ ಶಾಲೆಗಳದ್ದು ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಉತ್ತರ ದಡಕ್ಕೆ ಕನ್ನಡ ಮರಳಿದ್ದು

ನಿಜಾಮರ ಸೀಮೆಯಲ್ಲಿ ಕನ್ನಡದ ಓದನ್ನು ಬದುಕಿಸಿದವರು ಕೆಲವೇ ಜನ, ಕೆಲವೇ ಸಂಸ್ಥೆಗಳು. 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಉಸ್ಮಾನಿಯಾದಲ್ಲಿಯೇ ಡಿ.ಕೆ. ಭೀಮಸೇನರಾಯರು ಕನ್ನಡ ಕಲಿಸಿದರು. ಸಾಹಿತ್ಯ ಸಮ್ಮೇಳನಗಳೂ ಇಲ್ಲಿಗೆ ಬಂದವು. 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಅಧ್ಯಕ್ಷರಾದರು. 1934ರಲ್ಲಿ ಸಮ್ಮೇಳನ ರಾಯಚೂರಿನಲ್ಲಿ ಸೇರಿದಾಗ ಅಧ್ಯಕ್ಷತೆ ವಹಿಸಿದವರು ಅದೇ ಪಂಜೆ ಮಂಗೇಶರಾಯರು. ಕನ್ನಡದ ಮಕ್ಕಳಿಗೆ ಹಾಡು ಕಲಿಸಿದವರು, ಕನ್ನಡದಲ್ಲಿ ಮೇಲಿನ ಓದು ಓದಲಾಗದ ಮಕ್ಕಳ ಜಿಲ್ಲೆಗೆ ಬಂದು ನಿಂತರು. ಈ ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ವಿಮೋಚನೆಗೊಂಡಿತು. ಮರುವರ್ಷ ಕಲಬುರಗಿಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಊರೂರು ಅಲೆದು, ಓಲೆಗರಿಗಳನ್ನೂ ಜನರ ಬಾಯಲ್ಲಿದ್ದುದನ್ನೂ ಕೂಡಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದ ಕ್ರೈಸ್ತ ಸಭಾಪಾಲಕರು ಅವರು. 1953ರಲ್ಲಿ ಬಳ್ಳಾರಿ, 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ತುಂಗಭದ್ರೆಯ ಎರಡು ದಡಗಳು ಮತ್ತೆ ಒಂದೇ ಆಡಳಿತಕ್ಕೆ ಬಂದವು. ಅದೇ 1956ರಲ್ಲಿ ರಾಯಚೂರಿನ ಸಮ್ಮೇಳನಕ್ಕೆ ನಾಟಕಕಾರ ಶ್ರೀರಂಗರು ಅಧ್ಯಕ್ಷರಾದರು.

ಉರ್ದುವಿನ ಓದು ಇಲ್ಲಿಯವರಿಗೆ ನಷ್ಟವನ್ನಷ್ಟೇ ತಂದಿತೆನ್ನುವುದು ಅನ್ಯಾಯವಾದೀತು. ಇದೇ ಜಿಲ್ಲೆಯ ಹೆಂಬೆರಾಳದಲ್ಲಿ 1924ರಲ್ಲಿ ಹುಟ್ಟಿದ ಶಾಂತರಸರು ಉರ್ದು ಕಾವ್ಯದ ಗಜಲ್ ಪ್ರಕಾರವನ್ನು ಕನ್ನಡಕ್ಕೆ ತಂದು ನೆಲೆಗೊಳಿಸಿದರು. 2006ರಲ್ಲಿ ಬೀದರಿನ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ವಿಮೋಚನಾ ಚಳವಳಿಯಲ್ಲಿ ಪಾಲ್ಗೊಂಡವರೇ, ಆಳುವವರ ಭಾಷೆಯ ಚೆಲುವನ್ನು ದ್ವೇಷಿಸದೆ ತಮ್ಮ ಭಾಷೆಗೆ ಕಾಣಿಕೆಯಾಗಿ ತಂದರು. ನಿಜವಾಗಿ ಓದಲು ಕಲಿತವನು ಹೇರಿದ್ದರಿಂದಲೂ ಸಂಪತ್ತನ್ನು ಹೆಕ್ಕಬಲ್ಲ.

ಮಸ್ಕಿಯ ಬಂಡೆ ಹೇಳುವ ಪಾಠ

ಇಷ್ಟು ಹೋರಾಟದ ನಂತರ ಮುಕ್ಕುಂದದ ಮಗುವಿನ ಕೈಗೆ ಕನ್ನಡದ ಕವಿತೆ ಬಂತು. ಆ ಕೈಯಿಂದ ನಾವು ಪುಸ್ತಕವನ್ನು ಬಿಡಿಸಿ ಗೈಡನ್ನು ಇಟ್ಟಿದ್ದೇವೆ. ಫಲಿತಾಂಶದ ಒತ್ತಡದಲ್ಲಿ ಉಪಾಧ್ಯಾಯರು ಬೇಯುತ್ತಿದ್ದಾರೆ ಎಂಬುದು ನಿಜ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ, ನಾನೂ ಅದೇ ತಪ್ಪು ಮಾಡಿದವನು. ಹಾಗಾದರೆ ಮಗುವಿಗೆ ಓದನ್ನು ಹೇಗೆ ಪರಿಚಯಿಸಬೇಕು?

ಸಿಂಧನೂರಿನ ನೆರೆಯ ಮಸ್ಕಿಯಲ್ಲಿ ಇದಕ್ಕೊಂದು ಪಾಠವಿದೆ. ಬ್ರಾಹ್ಮಿ ಲಿಪಿಯ ಪ್ರಾಚೀನ ಶಾಸನಗಳನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದಾಗ, ಅವುಗಳಲ್ಲಿ ದೇವರಿಗೆ ಪ್ರಿಯನಾದವನು ಎಂಬ ಬಿರುದು ಸಿಕ್ಕಿತು, ರಾಜನ ಹೆಸರು ಸಿಗಲಿಲ್ಲ. ಅವನು ಸಿಂಹಳದ ರಾಜನಿರಬಹುದೆಂದು ಪ್ರಿನ್ಸೆಪ್ ಮೊದಲು ಭಾವಿಸಿದರು. ಬಳಿಕ ಪಾಲಿ ಗ್ರಂಥಗಳ ನೆರವಿನಿಂದ ಅಶೋಕನೆಂದು ಗುರುತಿಸಲಾಯಿತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಮಸ್ಕಿಯ ಶಾಸನ ಬಿತ್ತು. ಅದರಲ್ಲಿ ಆ ಬಿರುದಿನ ಪಕ್ಕದಲ್ಲಿಯೇ ಅಶೋಕ ಎಂಬ ಹೆಸರಿತ್ತು. ಹೀಗೆ ಒಂದೇ ಒಂದು ಪದ ಊಹೆಯನ್ನು ಸತ್ಯವಾಗಿಸಿತು. ಓದುವವನು ಮೊದಲು ಕಲಿಯಬೇಕಾದ ಶಿಸ್ತು ಇದೇ: ನಿನಗೆ ಗೊತ್ತಿದ್ದುದನ್ನು ಬದಿಗಿಟ್ಟು, ಕಲ್ಲಿನ ಮೇಲೆ ಏನಿದೆ ಎಂದು ನೋಡು.

ಕವಿತೆಯನ್ನು ಓದುವಾಗ ಭಾವಾರ್ಥವೇ ಕವಿತೆಯಲ್ಲ ಎಂಬುದನ್ನು ಮಗುವಿಗೆ ಮನಗಾಣಿಸಬೇಕು. ಇದಕ್ಕೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೇ ಸಾಕು. ಆದಾಯಕ್ಕೆ ತಕ್ಕಂತೆ ಖರ್ಚು ಮಾಡು ಎಂಬುದು ಅದರ ಭಾವಾರ್ಥ. ಅರ್ಥ ಸರಿ, ಆದರೆ ಕಳೆದುಹೋದದ್ದು ಏನು? ಚಳಿಗಾಲದ ರಾತ್ರಿ, ಚಿಕ್ಕದಾದ ಕೌದಿ, ಹೊರಗುಳಿದ ಅಂಗಾಲು, ಮುದುಡಿ ಮಲಗಿದ ಬಡವ. ಈ ಪ್ರಶ್ನೆ ಕೇಳಿದಾಗ ಮುಕ್ಕುಂದದ ಮಕ್ಕಳು ನಾನು ಹೇಳಿಕೊಡದಿದ್ದ ಸಂಗತಿಗಳನ್ನೆಲ್ಲ ಹೇಳಿದರು. ಪದ್ಯವನ್ನು ಮೂರು ಬಾರಿ ಗಟ್ಟಿಯಾಗಿ ಓದಬೇಕು. ಮೊದಲನೆಯದು ನಾದಕ್ಕಾಗಿ, ಎರಡನೆಯದು ನೇರವಾದ ಅರ್ಥಕ್ಕಾಗಿ, ಮೂರನೆಯದು ಇಲ್ಲಿ ಈ ಪದವೇ ಏಕೆ ಬಂತು ಎಂದು ಕೇಳುವುದಕ್ಕಾಗಿ.

ಕತೆಯನ್ನು ಓದುವಾಗ ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಎಂದು ಕೇಳಬೇಕು. ದುಂದುಗಾರ ಮಗನ ಸಾಮತಿಯನ್ನು ನಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕಿರಿಯ ಮಗ ಮರಳಿದ, ತಂದೆ ಅಪ್ಪಿಕೊಂಡ ಎಂಬಲ್ಲಿಗೆ ನಮ್ಮ ಮನಸ್ಸು ನಿಂತುಬಿಡುತ್ತದೆ. ಆದರೆ ಸಂತ ಲೂಕರ ಶುಭಸಂದೇಶದಲ್ಲಿ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮುನಿಸಿಕೊಂಡ ಹಿರಿಯ ಮಗ ಅಂಗಳದಲ್ಲಿ ನಿಂತಿದ್ದಾನೆ, ತಂದೆ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ? ಕತೆ ಹೇಳುವುದಿಲ್ಲ. ಪಾಪಿಗಳ ಸಂಗ ಮಾಡಿದರೆಂದು ಯೇಸುಸ್ವಾಮಿಯ ಮೇಲೆ ಗೊಣಗುತ್ತಿದ್ದವರ ಮುಂದೆ ಹೇಳಿದ ಕತೆಯಿದು. ಅದರ ಕೊನೆಯನ್ನು ಬರೆಯಬೇಕಾದವರು ಆ ಕೇಳುಗರೇ. ಈ ತೆರೆದ ಬಾಗಿಲನ್ನು ಕಾಣದವನು ಸಾಮತಿಯ ನೀತಿಯನ್ನು ಹೇಳಿಯಾನು, ಆದರೆ ಸಾಮತಿಯನ್ನು ಓದಿದ್ದಾನೆ ಎನ್ನಲಾಗದು.

ಇನ್ನು ನಾಟಕ. ಅದು ಪುಟದ ಮೇಲೆ ಅರ್ಧ ಮಾತ್ರ ಇರುತ್ತದೆ. ಉಳಿದರ್ಧ ದನಿಯಲ್ಲಿ, ನಿಲುವಿನಲ್ಲಿ, ಮೌನದಲ್ಲಿ ಇರುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವಳು ಅದೇ ಹುಡುಗಿ. ನಾಟಕದ ಪಾಠ ಬಂದ ದಿನ, ನಿಮ್ಮೂರ ಕಡೆ ಬಯಲಾಟ ಆಡುತ್ತಾರೆಯೇ ಎಂದು ಕೇಳಿದೆ. ಆಕೆಯ ಮುಖ ಅರಳಿತು. "ನಮ್ಮ ಮಾವ ಕೀಚಕನ ಪಾರ್ಟು ಮಾಡ್ತಾನ್ರಿ. ಅವ ಬಂದು ನಗಾಕತ್ತಿದ ಮ್ಯಾಲೆ ದ್ರೌಪದಿ ಒಂದ್ ಮಾತೂ ಆಡಂಗಿಲ್ರಿ. ಸುಮ್ಮ ನಿಂತಿರ್ತಾಳ. ಅಕಿ ಅತ್ತಾಗಕಿಂತ ಹಂಗ ಸುಮ್ಮ ನಿಂತಾಗನ ನಮಗ ಜಾಸ್ತಿ ಅಂಜಿಕಿ ಬರ್ತೈತ್ರಿ" ಎಂದಳು. ಯಾವ ಗೈಡಿನಲ್ಲಿಯೂ ಇಲ್ಲದ ಮಾತಿದು. ಪಾತ್ರದ ಮೌನ ಪ್ರೇಕ್ಷಕನಲ್ಲಿ ಏನನ್ನು ಹುಟ್ಟಿಸುತ್ತದೆ ಎಂಬುದನ್ನು ಆ ಹದಿನೈದರ ಹುಡುಗಿ ತಾನಾಗಿಯೇ ಕಂಡುಕೊಂಡಿದ್ದಳು. ಆದರೆ ಇದು ಓದು ಎಂದಾಗಲಿ, ಇದಕ್ಕೆ ಬೆಲೆಯಿದೆ ಎಂದಾಗಲಿ ಆಕೆಗೆ ಯಾರೂ ಹೇಳಿರಲಿಲ್ಲ. ಓದು ಬಾರದೆಯೂ ಕಾವ್ಯದಲ್ಲಿ ನುರಿತವರು ಎಂದು ಸಾವಿರ ವರ್ಷಗಳ ಹಿಂದೆ ಶ್ರೀವಿಜಯ ಮೆಚ್ಚಿದ ಜನರ ವಾರಸುದಾರಳು ಆಕೆ. ಶಾಲೆಗೆ ಬರುವಾಗ ಆ ಸೊತ್ತನ್ನು ಹೊಸ್ತಿಲ ಹೊರಗಿಟ್ಟು ಬರಬೇಕೆಂದು ನಾವು ಆಕೆಗೆ ಕಲಿಸಿದ್ದೆವು.

ಹೇಗೆ ಓದುತ್ತೇವೆ?

ಪ್ರಿಯ ಓದುಗರೇ, ನಿತ್ಯಜೀವವನ್ನು ಪಡೆಯಲು ಏನು ಮಾಡಬೇಕೆಂದು ಧರ್ಮಶಾಸ್ತ್ರಿಯೊಬ್ಬ ಕೇಳಿದಾಗ, ಯೇಸುಸ್ವಾಮಿ ನೇರವಾಗಿ ಉತ್ತರ ಕೊಡಲಿಲ್ಲ. ಧರ್ಮಶಾಸ್ತ್ರದಲ್ಲಿ ಏನು ಬರೆದಿದೆ ಎಂದೂ, ನೀನು ಅದನ್ನು ಹೇಗೆ ಓದುತ್ತೀ ಎಂದೂ ಎರಡು ಪ್ರಶ್ನೆಗಳನ್ನು ಮರಳಿ ಕೇಳಿದರು. ಮೊದಲನೆಯದಕ್ಕೆ ಕಂಠಪಾಠ ಸಾಕು. ಎರಡನೆಯದಕ್ಕೆ ಓದುವವನು ತನ್ನನ್ನೇ ತೆರೆದಿಡಬೇಕು. ಆ ಶಾಸ್ತ್ರಿ ಮೊದಲ ಪ್ರಶ್ನೆಯಲ್ಲಿ ತೇರ್ಗಡೆಯಾದ. ಎರಡನೆಯದಕ್ಕೆ ಅವನನ್ನು ಸಿದ್ಧಗೊಳಿಸಲು ಸ್ವಾಮಿಯವರು ಒಂದು ಕತೆಯನ್ನೇ ಹೇಳಬೇಕಾಯಿತು. ದಾರಿಯಲ್ಲಿ ಗಾಯಗೊಂಡು ಬಿದ್ದವನ, ಸಮಾರಿಯದವನ ಕತೆ ಅದು.

ನಮ್ಮ ಶಾಲೆಗಳು ಮೊದಲ ಪ್ರಶ್ನೆಯನ್ನು ಮಾತ್ರ ಕೇಳುತ್ತಿವೆ. ಎರಡನೆಯದನ್ನು ಕೇಳಲು ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಗ್ರಾಮ ಪಂಚಾಯತಿಗಳಲ್ಲಿ ಅರಿವು ಕೇಂದ್ರಗಳೆಂಬ ಹೆಸರಿನ ಗ್ರಂಥಾಲಯಗಳಿವೆ. ನಮ್ಮ ಧರ್ಮಕೇಂದ್ರಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಬೀಗ ಹಾಕಿದ ಪುಸ್ತಕದ ಕಪಾಟುಗಳಿವೆ. ವಾರಕ್ಕೊಂದು ಸಂಜೆ ಹತ್ತು ಮಕ್ಕಳು, ಒಂದು ಪದ್ಯ, ಅಂಕಗಳಿಲ್ಲದ ಒಂದು ಪ್ರಶ್ನೆ. ಉತ್ತರ ತಪ್ಪಾದರೂ ಕೇಳಿಸಿಕೊಳ್ಳುವ ಒಬ್ಬ ಹಿರಿಯ. ಇಷ್ಟು ಸಾಕು.

ಆ ಭಾಗವನ್ನು ಬಿಟ್ಟು ಬರುವ ಮುನ್ನಾದಿನ ಮಕ್ಕಳು ಬಂದಿದ್ದರು. ಆ ಹುಡುಗಿ ತನ್ನ ಪಠ್ಯಪುಸ್ತಕವನ್ನು ತೆರೆದು, ಮೊದಲ ದಿನ ಒಪ್ಪಿಸಿದ್ದ ಅದೇ ಪದ್ಯದ ಒಂದು ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದದ್ದನ್ನು ತೋರಿಸಿದಳು. "ಇದು ಹಿಡಿಸೈತ್ರಿ ಫಾದರ್" ಎಂದಳು. ಏಕೆ ಎಂದು ನಾನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಇನ್ನಾ ಗೊತ್ತಾಗವಲ್ದ್ರಿ" ಎಂದಳು. ನಾಲ್ಕಕ್ಕೆ ಒಂದು ಅಂಕ ಕೊಟ್ಟಿದ್ದ ಹಳೆಯ ಉಪಾಧ್ಯಾಯನಿಗೆ ಆ ಉತ್ತರಕ್ಕೆ ಪೂರ್ಣ ಅಂಕ ಕೊಡಬೇಕೆನಿಸಿತು. ಓದು ಅಲ್ಲಿಂದ ಆರಂಭವಾಗುತ್ತದೆ.